ಏಳು ಬೇಡಗಳ ಚೀಟಿ

ಆ ಮಗು ಉಸಿರನ್ನು ಒಳಗೆಳೆದುಕೊಳ್ಳುವಾಗ ಸದ್ದಾಗುತ್ತಿತ್ತು, ಬಿಡುವಾಗ ಅಲ್ಲ. ಇಷ್ಟನ್ನು ಗಮನಿಸಲು ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಮಕ್ಕಳ ಡಾಕ್ಟರು ಅನ್ನಿಸಿಕೊಂಡವಳು ಇದನ್ನು ಬರೆಯಲು ನಾಚಬೇಕು. ನಾಚುತ್ತಲೇ ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನ ನನ್ನ ಕ್ಲಿನಿಕ್ಕಿನಲ್ಲಿ ಸೋಮವಾರ ಬೆಳಿಗ್ಗೆ ಬೆಂಚು ತುಂಬಿ ಜನ ಮೆಟ್ಟಿಲವರೆಗೂ ನಿಂತಿರುತ್ತಾರೆ. ಅವತ್ತು ಆ ಸಾಲನ್ನು ಸೀಳಿಕೊಂಡು ಒಬ್ಬ ಯುವಕ, ಅವನ ಹಿಂದೆ ಅವನ ತಾಯಿ ಒಳಗೆ ನುಗ್ಗಿದರು. ಪಾಂಡವಪುರದ ಮಗ್ಗುಲ ಹಳ್ಳಿಯವರು, ಕಬ್ಬು ಬೆಳೆಯುವ ಮನೆ. ಮುದುಕಿಯ ತೋಳಿನಲ್ಲಿ ದುಪ್ಪಟಿ ಸುತ್ತಿದ ಮೊಮ್ಮಗಳು, ಎರಡು ವರ್ಷದವಳು. ಮಗುವಿನ ತಾಯಿ ಎರಡನೇ ಹೆರಿಗೆಗೆಂದು ತವರಿಗೆ ಹೋಗಿದ್ದಳು.

"ಉಬ್ಬಸ ಜಾಸ್ತಿ ಆಗೈತೆ ಕಣವ್ವ. ಒತ್ತಾರೆಯಿಂದ ಒಂದೇ ಸಮ ಗೊರ ಗೊರ ಅಂತಾಳೆ" ಎಂದರು ಅಜ್ಜಿ.

ಮಗು ನನಗೆ ಹೊಸದಲ್ಲ. ಏಳನೇ ತಿಂಗಳಲ್ಲಿ ಕೆನ್ನೆ, ಮೊಣಕೈ ಮಡಿಕೆಯಲ್ಲೆಲ್ಲ ಕೆಂಪಗೆ ಕಿತ್ತುಹೋದ ಚರ್ಮ, ಜೊತೆಗೆ ಉಬ್ಬಸ ಎಂದು ತಂದಿದ್ದರು. ಅಲರ್ಜಿ ಎಂದು ಬರೆದು ಔಷಧಿ ಕೊಟ್ಟಿದ್ದೆ. ಆಮೇಲೆ ಎರಡು ಸಲ ಕೆಮ್ಮಿಗೆ ಬಂದಿದ್ದಾಗ ದುಪ್ಪಟಿಯನ್ನು ಪೂರ್ತಿ ಬಿಚ್ಚಿಸುವಷ್ಟೂ ತಾಳ್ಮೆಯಿಲ್ಲದೆ, ಸಂದಿಯಲ್ಲಿ ಸ್ಟೆತಾಸ್ಕೋಪು ತೂರಿಸಿ ಕೇಳಿ ಕಳಿಸಿದ್ದೆ. ಈಗಲೂ ಅದೇ ದಾರಿ ಹಿಡಿದೆ. ಉಬ್ಬಸದ ಮಗು, ಹಾಗಾಗಿ ಉಬ್ಬಸದ ಔಷಧಿ. ಮುಖಕ್ಕೆ ಮಾಸ್ಕ್ ಇಟ್ಟು ನೆಬುಲೈಸರಿನಲ್ಲಿ ಒಂದು ಸುತ್ತು ಹೊಗೆಯೂಡಿಸಿದೆ. ಸದ್ದು ನಿಲ್ಲಲಿಲ್ಲ. ಇನ್ನೊಂದು ಸುತ್ತು ಕೊಟ್ಟೆ, ಆಗಲೂ ನಿಲ್ಲಲಿಲ್ಲ. ಹೊರಗೆ ಯಾರದೋ ಮಗು ಅಳುತ್ತಿತ್ತು. ನನಗೆ ಸಿಟ್ಟು ಬರತೊಡಗಿತು. ಕಾಯಿಲೆ ಹೇಳಿದ ಮಾತು ಕೇಳದಿದ್ದರೆ ನನಗೆ ಮೊದಲು ಬರುವುದು ಸಿಟ್ಟೇ.

ಆಗ ನಮ್ಮ ಕಾಂಪೌಂಡರು ಮಾತಾಡಿದರು. ಗಂಜಾಮಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಭಾಯ್ ಎಂದೇ ಕರೆಯುವುದು. ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಮಗುವಿನ ಬೆರಳಿಗೆ ಮೂರನೇ ಸಲ ಸಿಕ್ಕಿಸುತ್ತಾ, "ಮೇಡಂ, ಇದು ನಿಲ್ತಾನೇ ಇಲ್ಲ. ಬೆಳ್ಳೆಲ್ಲ ಸೆಟ್ಕೊಂಡವೆ ನೋಡಿ" ಎಂದರು.

ನೋಡಿದೆ. ಮಣಿಕಟ್ಟು ಬಾಗಿ, ಬೆರಳುಗಳು ಒಂದಕ್ಕೊಂದು ಅಂಟಿ, ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಓದುವ ಕಾಲದಲ್ಲಿ ಇದನ್ನು ಸೂಲಗಿತ್ತಿಯ ಕೈ ಎಂದು ಕಲಿತಿದ್ದೆವು. ಕಿವಿಯ ಮುಂದೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ತುಟಿಯ ಅಂಚು ಪಟಕ್ಕನೆ ಹಾರಿತು. ಇದು ಉಬ್ಬಸವಲ್ಲ, ಉಬ್ಬಸದ ಸದ್ದು ಬರುವುದು ಉಸಿರು ಬಿಡುವಾಗ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದು ಗಂಟಲಿನ ಪೆಟ್ಟಿಗೆಯೇ ಬಿಗಿದುಕೊಳ್ಳುತ್ತಿತ್ತು. ಇನ್ನೊಂದಿಷ್ಟು ಬಿಗಿದರೆ ಉಸಿರೇ ನಿಲ್ಲುತ್ತದೆ. ನಾನು ಇಪ್ಪತ್ತು ನಿಮಿಷ ಪುಪ್ಪುಸಕ್ಕೆ ಔಷಧಿ ಊದುತ್ತಾ ಕೂತಿದ್ದೆ.

ಭಾಯ್ ತುರ್ತು ಟ್ರೇ ತಂದರು. ಕ್ಯಾಲ್ಸಿಯಂ ಗ್ಲೂಕೋನೇಟಿನ ಆಂಪೂಲು ಇದ್ದವು, ದಿನಾಂಕ ಮೀರಿರಲಿಲ್ಲ. ಮಗುವಿನ ಕೈಯಲ್ಲಿ ನರ ಸಿಗಲಿಲ್ಲ. ಕಾಲಿನಲ್ಲಿ ಹುಡುಕುತ್ತಿರುವಾಗಲೇ ಮೈ ಒಮ್ಮೆ ಜಾಡಿಸಿ ಕಣ್ಣು ಮೇಲಾಯಿತು. ಅಜ್ಜಿ ಕಿರುಚಿಕೊಂಡರು. ಸೂಜಿ ಎರಡನೇ ಸಲಕ್ಕೆ ಕೂತಿತು. ಮೊದಲು ಪರೀಕ್ಷೆಗೆ ಬೇಕಾದಷ್ಟು ರಕ್ತ ತೆಗೆದೆ, ಆಮೇಲೆ ಅದೇ ಸೂಜಿಯಲ್ಲಿ, ನೀರು ಬೆರೆಸಿದ ಔಷಧಿಯನ್ನು ಒತ್ತತೊಡಗಿದೆ. ಇದನ್ನು ಅವಸರದಲ್ಲಿ ಒತ್ತುವಂತಿಲ್ಲ. ಹೆಚ್ಚು ಒತ್ತಿದರೆ ಎದೆಬಡಿತ ನಿಲ್ಲಬಹುದು, ನರದಿಂದ ಹೊರಗೆ ಸೋರಿದರೆ ಅಲ್ಲಿನ ಚರ್ಮವೇ ಸುಟ್ಟುಹೋಗುತ್ತದೆ. ಭಾಯ್ ಗೋಡೆ ಗಡಿಯಾರ ನೋಡುತ್ತಾ ನಿಮಿಷ ಹೇಳುತ್ತಿದ್ದರು. ನಾನು ಒಂದು ಕಿವಿಯಲ್ಲಿ ಎದೆಬಡಿತ ಎಣಿಸುತ್ತಾ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒತ್ತುತ್ತಿದ್ದೆ. ಹತ್ತು ನಿಮಿಷ ಒಂದೇ ಕಡೆ ಕೂತಿರುವುದು ನನ್ನ ಜಾಯಮಾನವಲ್ಲ, ಆದರೂ ಕೂತಿದ್ದೆ. ಎಂಟನೇ ನಿಮಿಷಕ್ಕೆ ಬೆರಳುಗಳು ಸಡಿಲವಾದವು. ಆಮೇಲೆ ಗೊರ ಗೊರ ಸದ್ದು ನಿಂತಿತು.

ದುಪ್ಪಟಿ ಬಿಚ್ಚಿಸಿದ್ದು ಆಮೇಲೆ. ಮಣಿಕಟ್ಟು ಎರಡೂ ಕಡೆಗೆ ದಪ್ಪಗೆ ಉಬ್ಬಿತ್ತು. ಪಕ್ಕೆಲುಬುಗಳ ತುದಿಯಲ್ಲಿ ಮಣಿ ಪೋಣಿಸಿದಂತೆ ಗಂಟುಗಳು. ಇಷ್ಟು ಹೊತ್ತಿಗೆ ಮುಚ್ಚಿರಬೇಕಾದ ನೆತ್ತಿ ಇನ್ನೂ ಮೆತ್ತಗಿತ್ತು. ಕಾಲುಗಳು ಬಿಲ್ಲು. ಬಿಸಿಲಿನಿಂದ ಸಿಗುವ ಡಿ ವಿಟಮಿನ್ ಇಲ್ಲದೆ, ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆಯ ಒಂದು ಲಕ್ಷಣವೂ ಅವಳಲ್ಲಿ ಬಾಕಿ ಇರಲಿಲ್ಲ.

"ನಡೀತಾಳಾ?" ಎಂದೆ.

"ನಿಂತ್ಕಳಾಕೇ ಇಲ್ಲ" ಎಂದ ಅಪ್ಪ. "ವಸಿ ತಡ ಆಯ್ತದೆ, ಕೆಲವು ಮಕ್ಳು ಅಂಗೇ ಅಂತ ಊರಲ್ಲಿ ಅಂದ್ರು."

"ಬಿಸಿಲಿಗೆ ಬಿಡ್ತೀರಾ? ಹಾಲು, ಮೊಟ್ಟೆ ಏನಾದ್ರೂ ಕೊಡ್ತೀರಾ?"

ಅಜ್ಜಿಗೆ ನನ್ನ ಪ್ರಶ್ನೆಯಿಂದ ನೋವಾದಂತಿತ್ತು. "ಬುಟ್ಟಾರಾ ತಾಯಿ? ನೀವು ಏಳಿದ್ ಮ್ಯಾಕೆ ಒಂದ್ ದಿನಾನೂ ಬಾಕ್ಲು ದಾಟ್ಸಿಲ್ಲ. ಮನೇಲಿ ಎರಡ್ ಅಸ ಕರೀತವೆ, ಒಂದ್ ತೊಟ್ಟು ಹಾಲು ಕೂಸಿನ ಬಾಯಿಗೆ ಬಿಟ್ಟಿಲ್ಲ. ಅಂಗನವಾಡಿ ಮೊಟ್ಟೆನೂ ವಾಪಸ್ ಕಳಿಸ್ದೋ. ತಗಳಿ, ನೋಡಿ ಬೇಕಾರೆ."

ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟರು. ನನ್ನದೇ ಚೀಟಿ. ಲ್ಯಾಮಿನೇಷನ್ ಮಾಡಿಸಿ, ಮೂಲೆಯಲ್ಲಿ ತೂತು ಕೊರೆದು ದಾರ ಪೋಣಿಸಿದ್ದರು. "ಸೀಲ್ ಹಾಕವ್ರೆ, ಕಳೀಬ್ಯಾಡ್ದು ಅಂತ ನಾನೇ ಮಾಡಿಸ್ದೆ ಮೇಡಂ" ಎಂದ ಅಪ್ಪ. "ಬಾಕ್ಲು ಪಕ್ದಲ್ಲೇ ನೇತಾಕಿದ್ದೀವಿ. ನೆಂಟ್ರು ಯಾರಾರ ಬಂದು ಮೊಗೀನ ಎತ್ಕೊಂಡು ಈಚೆಗೋದ್ರೆ ಅಂತ."

ಆ ಸೀಲಿನ ಕಥೆ ಹೇಳಬೇಕು. ಶ್ರೀರಂಗಪಟ್ಟಣ ಬಿಟ್ಟರೆ ವಾರಕ್ಕೊಂದು ದಿನ ಪಾಂಡವಪುರ, ಒಂದು ದಿನ ಕೆ.ಆರ್. ಪೇಟೆ, ಒಂದು ದಿನ ನಾಗಮಂಗಲಕ್ಕೆ ಹೋಗಿ ಕೂರುತ್ತೇನೆ. ಅಲರ್ಜಿಯ ಮಕ್ಕಳ ತಾಯಂದಿರು ಎಲ್ಲ ಕಡೆಯೂ ಅದದನ್ನೇ ಕೇಳುತ್ತಿದ್ದರು. ಏನು ಕೊಡಬಾರದು, ಏನು ಮಾಡಬಾರದು. ಹೇಳಿದ್ದನ್ನೇ ಹೇಳುವುದೆಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಸುಮಾರು ಎರಡು ವರ್ಷದ ಕೆಳಗೆ ಒಂದು ಉಪಾಯ ಹೊಳೆಯಿತು. ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ಧೂಳು, ಹೊಗೆ, ಬಿಸಿಲು, ಎಣ್ಣೆ, ಹಾಲು, ಮೊಟ್ಟೆ, ಕಡಲೆಕಾಯಿ, ಕೆಳಗೆ ದಪ್ಪಗೆ 'ಬೇಡ' ಎಂದು. ಒಂದೊಂದರ ಪಕ್ಕದಲ್ಲೂ ಪುಟ್ಟ ಚೌಕ. ಯಾವ ಮಗುವಿಗೆ ಯಾವುದು ಬೇಡವೋ ಆ ಚೌಕಕ್ಕೆ ಮಾತ್ರ ನಾನು ಗುರುತು ಹಾಕಬೇಕು. ಬೇಸಿಗೆಯ ಬೆವರಿಗೆ ಕಜ್ಜಿ ಕೆರಳುವ ಮಗುವಿಗೆ ನಾಲ್ಕು ವಾರ ಬಿಸಿಲು ಬೇಡ, ಸಾಂಬ್ರಾಣಿ ಹೊಗೆಗೆ ಉಬ್ಬಸ ಬರುವ ಮಗುವಿಗೆ ಹೊಗೆ ಬೇಡ, ಹೀಗೆ. ಮೊದಲ ಒಂದು ತಿಂಗಳು ಶ್ರದ್ಧೆಯಿಂದ ಗುರುತು ಹಾಕಿದೆ. ಆಮೇಲೆ ಭಾಯ್ ಸ್ಟ್ಯಾಂಪ್ ಒತ್ತುವುದು, ನಾನು ಸಹಿ ಹಾಕುವುದು, ಮುಂದಿನ ಮಗು ಒಳಗೆ ಬರುವುದು, ಇಷ್ಟೇ ಆಯಿತು. ಚೌಕಗಳು ಖಾಲಿ ಉಳಿದವು. ಎಷ್ಟು ದಿನ ಎಂದು ಬರೆಯಲು ಸ್ಟ್ಯಾಂಪಿನಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ. ಜಾಣತನ ಅತಿಯಾದರೆ ಹೀಗೇ.

ಖಾಲಿ ಚೌಕದ ಅರ್ಥ ನನಗೆ ಗೊತ್ತು. ಈ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಅವರು ಏಳನ್ನೂ ಬಿಟ್ಟರು. ಒಂದೂವರೆ ವರ್ಷ ಬಿಟ್ಟರು. ಪಕ್ಕದ ಆಲೆಮನೆಯ ಹೊಗೆ, ಬೂದಿ ಬರಬಾರದೆಂದು ಕಿಟಕಿಗೆ ಟಾರ್ಪಲ್ಲು ಹೊಡೆದರು. ಇಷ್ಟು ಚೆನ್ನಾಗಿ ನನ್ನ ಮಾತನ್ನು ಕೇಳಿದವರು ಆ ನಾಲ್ಕು ಊರುಗಳಲ್ಲಿ ಇನ್ನೊಬ್ಬರಿರಲಾರರು ಎಂದು ಆ ಗಳಿಗೆಯಲ್ಲಿ ಅಂದುಕೊಂಡೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಇದ್ದರೆ?

ಮಗುವನ್ನು ಭಾಯ್ ಜೊತೆ ಮಾಡಿ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದೆ. ಐದು ದಿನ ಅಲ್ಲಿದ್ದರು. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆಯ ತುದಿ ಬಟ್ಟಲಿನಂತೆ ತಗ್ಗಾಗಿ, ಅಂಚು ಹರಿದ ಸೆರಗಿನ ಹಾಗೆ ಎಳೆ ಎಳೆಯಾಗಿ ಕಂಡಿತು. ರಕ್ತದಲ್ಲಿ ಡಿ ವಿಟಮಿನ್ ಇದೆಯೆಂದು ಹೇಳಲಾಗದಷ್ಟು ಕಡಿಮೆ. ಅಲರ್ಜಿಗೂ ಡಿ ವಿಟಮಿನ್ನಿಗೂ ನಂಟಿದೆ ಎನ್ನುವವರಿದ್ದಾರೆ, ಅಷ್ಟು ಖಚಿತವಿಲ್ಲ ಎನ್ನುವವರೂ ಇದ್ದಾರೆ. ಆ ಚರ್ಚೆ ಅವರಿಗೇ ಇರಲಿ. ಈ ಮಗುವಿನಲ್ಲಿ ಎರಡಕ್ಕೂ ನಂಟು ಹಾಕಿದವಳು ನಾನು.

ಅವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾಲ್ಕೂ ಕಡೆಯ ರಿಜಿಸ್ಟರುಗಳನ್ನು ತರಿಸಿಕೊಂಡೆ. ಅಲರ್ಜಿ ಮಕ್ಕಳ ಹೆಸರಿನ ಮುಂದೆ ಭಾಯ್ ಕೆಂಪು ಚುಕ್ಕೆ ಇಡುತ್ತಿದ್ದರು. ಪುಟ ತಿರುವಿದಷ್ಟೂ ಚುಕ್ಕೆ. ಮೂರು ವರ್ಷದೊಳಗಿನವರನ್ನಷ್ಟೇ ಆರಿಸಿದರೂ ಅರವತ್ತೆಂಟು ಹೆಸರಾದವು. ಇವರಲ್ಲಿ ಎಷ್ಟು ಮನೆಯ ಬಾಗಿಲಲ್ಲಿ ಆ ಚೀಟಿ ನೇತಾಡುತ್ತಿದೆ, ಎಷ್ಟು ಮಕ್ಕಳು ಈಗಲೂ ಒಳಗಿದ್ದಾರೆ, ಯಾರ ಗಂಟಲು ಯಾವತ್ತು ಬಿಗಿದುಕೊಳ್ಳುತ್ತದೆ? ನಿದ್ದೆ ಬರುತ್ತಿರಲಿಲ್ಲ. ಮನೆಯವರ ಮೇಲೆ ರೇಗುತ್ತಿದ್ದೆ.

ಫೋನ್ ಮಾಡಿ ಏನು ಹೇಳುವುದೆಂಬುದೇ ಮೊದಲ ತಕರಾರು. "ತಪ್ಪಾಗೈತೆ ಅಂದ್ರೆ ಕಲ್ಲು ತಗೊಂಡು ಬತ್ತಾರೆ ಮೇಡಂ" ಎಂದರು ಭಾಯ್. "ಉಚಿತ ತಪಾಸಣೆ ಅಂದ್ಬುಡಾನ. ಬರ್ಲಿ, ನೋಡಿ ಔಸ್ದಿ ಕೊಟ್ಟು ಕಳ್ಸಾನ. ನಮ್ ಕೆಲ್ಸಾನೂ ಆಯ್ತದೆ, ಮರ್ಯಾದೆನೂ ಉಳೀತದೆ."

ಒಪ್ಪಿಕೊಂಡೆ. ಭಾಯಿಯ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ನನಗೂ ಅದೇ ಬೇಕಾಗಿತ್ತು, ಅವರ ಬಾಯಿಂದ ಬಂತು ಅಷ್ಟೇ. ಒಂದು ವಾರ ಇಬ್ಬರೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಫೋನ್ ಹಿಡಿದು ಕೂತೆವು. ಎಷ್ಟೋ ನಂಬರು ಚಾಲ್ತಿಯಲ್ಲಿರಲಿಲ್ಲ. ಸಿಕ್ಕವರು "ಮಗು ಚೆನ್ನಾಗೈತೆ ಬುಡಿ" ಎಂದರು. ಒಬ್ಬಾತ ಏನು ಮಾರುತ್ತೀರೆಂದು ಕೇಳಿದ. ನಾಗಮಂಗಲದ ಕಡೆಯ ಒಬ್ಬ ತಾಯಿ, ಹೊಲಿಗೆ ಕೆಲಸ ಮಾಡುವಾಕೆ, "ಈಗ ಅಂತ ಸೀಕೇನಿಲ್ಲ, ಮದುವೆ ಸೀಸನ್ನು ಮುಗೀಲಿ" ಎಂದು ಇಟ್ಟುಬಿಟ್ಟಳು. ಬಂದವರು ಒಂಬತ್ತು ಜನ.

ಆ ಹೊಲಿಗೆಯ ತಾಯಿ ಹದಿನೆಂಟು ದಿನ ಬಿಟ್ಟು ತಾನಾಗಿಯೇ ನಾಗಮಂಗಲದಲ್ಲಿ ನಾನು ಕೂರುವ ಜಾಗಕ್ಕೆ ಬಂದಳು. ಒಂದೂವರೆ ವರ್ಷದ ಮಗ, ಎತ್ತಿಕೊಂಡರೆ ಅಳುತ್ತಾನೆ, ಇಳಿಸಿದರೂ ಅಳುತ್ತಾನೆ. ಕಂಕುಳಿಗೆ ಕೈ ಹಾಕಿ ಎತ್ತಿದೆ. ಅವನು ಚೀರಿದ ರೀತಿಯಲ್ಲೇ ಗೊತ್ತಾಯಿತು, ಅದು ಮೂಳೆಯ ನೋವು. ಪಕ್ಕೆಲುಬಿನ ಮೇಲೆ ಅದೇ ಗಂಟುಗಳು. ಈ ಸಲ ಸುತ್ತು ಬಳಸಲಿಲ್ಲ. ಸ್ಟ್ಯಾಂಪಿನ ವಿಷಯ, ಚೌಕದ ವಿಷಯ ಎಲ್ಲ ಹೇಳಿ, ತಪ್ಪು ನನ್ನದು ಎಂದೆ.

ಆಕೆ ಬೈಯಲಿಲ್ಲ. ಮಗನ ಬೆನ್ನು ಸವರುತ್ತಿದ್ದಳು. "ಅವತ್ತು ಫೋನಲ್ಲಿ ನೀವೇ ಅಲ್ವಾ ಮಾತಾಡಿದ್ದು? ನಿಜ ಏಳಿದ್ರೆ ಮಿಷಿನ್ ಬುಟ್ಟು ಅವತ್ತೇ ಎತ್ಕೊಂಡು ಓಡ್ಬತ್ತಿದ್ದೆ" ಎಂದಳು. "ಎತ್ಕೊಂಡ್ರೂ ಅಳ್ತಾನೆ, ಇಳಿಸಿದ್ರೂ ಅಳ್ತಾನೆ ಅಂತ, ಹಟ ಅನ್ಕೊಂಡು ಈ ಹದ್ನೆಂಟ್ ದಿನದಲ್ಲಿ ಎರಡ್ ಸಲ ಹೊಡ್ದೆ ಮೇಡಂ ಇವನ್ನ."

ಸ್ಟ್ಯಾಂಪು ಅಜಾಗರೂಕತೆ, ಒಪ್ಪುತ್ತೇನೆ. ಆದರೆ ಆ ಹದಿನೆಂಟು ದಿನ ಗೊತ್ತಿದ್ದೂ ಮಾಡಿದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನ್ನದು ಬುದ್ಧಿ ಬಂದ ಮೇಲೂ ಕೆಟ್ಟ ಕಥೆ. ಅವತ್ತು ನಾಗಮಂಗಲದಿಂದ ಕಾರಿನಲ್ಲಿ ವಾಪಸಾಗುವಾಗ ಭಾಯ್ ಜೊತೆಗಿದ್ದರು. ಊರು ಮುಟ್ಟುವ ಮುಂಚೆ ಅವರೇ ಹೇಳಿದರು: "ನಾಳೆಯಿಂದ ಇದ್ದುದ್ದು ಇದ್ದಂಗೆ ಏಳ್ಬುಡಾನ ಮೇಡಂ. ಸೀಲ್ ಒತ್ತಿದ್ದು ನನ್ ಕೈ. ಬೈಸ್ಕೊಳಾದ್ರೆ ಇಬ್ರೂ ಬೈಸ್ಕೊಳಾನ."

ಮರುದಿನದಿಂದ ಫೋನಿನಲ್ಲಿ ಒಂದೇ ಮಾತು: "ನಿಮ್ಮ ಮಗುವಿಗೆ ನಾನು ಕೊಟ್ಟ ಚೀಟಿಯಲ್ಲಿ ತಪ್ಪಿದೆ. ಅದರ ಪ್ರಕಾರ ನಡೆದಿದ್ದರೆ ಮೂಳೆಗೆ ತೊಂದರೆಯಾಗಿರಬಹುದು. ಈ ವಾರವೇ ತೋರಿಸಿ, ಬರಲಾಗದಿದ್ದರೆ ಮನೆ ಎಲ್ಲಿದೆ ಹೇಳಿ." ಬೈಗುಳ ಬಂತು. ಜನವೂ ಬಂದರು. ನಾಗಮಂಗಲದಲ್ಲಿ ನನಗೆ ಕೋಣೆ ಕೊಟ್ಟಿದ್ದವರು, ಹೀಗೆ ಊರಿಗೆಲ್ಲ ಡಂಗುರ ಸಾರಿದರೆ ತಮ್ಮ ಬೋರ್ಡಿಗೂ ಮಸಿ ಎಂದು, ಬರುವುದು ಬೇಡವೆಂದರು. ಅವರ ಮಾತೂ ಸುಳ್ಳಲ್ಲ. ಆ ಕಡೆಯ ಮಕ್ಕಳನ್ನು ಮನೆಮನೆಗೆ ಹೋಗಿ ನೋಡಿದೆ. ಕೆ.ಆರ್. ಪೇಟೆಯಲ್ಲಿ ಟೆಂಪೋ ಓಡಿಸುವ ಒಬ್ಬ ಅಪ್ಪ ತುಂಬಿದ ಬೆಂಚಿನ ಮುಂದೆ ನಿಂತು ಕೂಗಾಡಿದ: "ನಿಮ್ ಮಾತು ನಂಬಿ ಒಂದ್ ವರ್ಸ ಮೊಟ್ಟೆ ಮುಟ್ಟಿಸ್ನಿಲ್ಲ. ಈಗ ತಪ್ಪಾಯ್ತು ಅಂತೀರಾ. ನಾಳಿಕ್ ಬಂದು ಇವತ್ತು ಏಳಿದ್ದೂ ತಪ್ಪು ಅಂದ್ರೆ ನಾವೇನ್ ಮಾಡಾಣ?" ಅವನ ಮಗನ ಕೈಕಾಲು ಪೂರ್ತಿ ನೋಡಿದೆ. ಮಗು ಗಟ್ಟಿಯಾಗಿತ್ತು.

ಕೆಲಸದ ಕ್ರಮವನ್ನೂ ಬದಲಿಸಿದೆವು. ಯಾರೇ ಬರಲಿ, ಬಟ್ಟೆ ಬಿಚ್ಚಿಸಿ ನೆತ್ತಿಯಿಂದ ಪಾದದವರೆಗೆ ಮುಟ್ಟಿ ನೋಡುವುದು. ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ, ರಕ್ತ. ಕಾಯಿಲೆ ಇದ್ದವರಿಗೆ ಡಿ ವಿಟಮಿನ್ನಿನ ಹನಿ, ಜೊತೆಗೆ ಕ್ಯಾಲ್ಸಿಯಂ, ತಿಂಗಳಿಗೊಮ್ಮೆ ಮತ್ತೆ ಪರೀಕ್ಷೆ. ಹನಿ ಹೆಚ್ಚಾದರೆ ಅದೂ ವಿಷವೇ, ಆದ್ದರಿಂದ ಎಷ್ಟು ಹನಿ ಎಂಬುದನ್ನು ತಾಯಂದಿರಿಂದ ತಿರುಗಿ ಹೇಳಿಸುತ್ತಿದ್ದೆ. ಹಾಲು, ಮೊಟ್ಟೆಯನ್ನು ಕ್ಲಿನಿಕ್ಕಿನಲ್ಲೇ ಕೂರಿಸಿಕೊಂಡು ಶುರು ಮಾಡಿದೆವು. ಬೇಯಿಸಿದ ಮೊಟ್ಟೆಯ ಚೂರು, ಕಾಯುವುದು, ಇನ್ನೊಂದು ಚೂರು, ಮತ್ತೆ ಕಾಯುವುದು. ಅಲರ್ಜಿ ಏಕಾಏಕಿ ಕೆರಳಿದರೆ ಚುಚ್ಚಲೆಂದು ಪಕ್ಕದಲ್ಲಿ ಅಡ್ರಿನಲಿನ್ ತುಂಬಿದ ಸಿರಿಂಜು. ಒಬ್ಬ ಹುಡುಗನಿಗೆ ನಿಜಕ್ಕೂ ತುಟಿ ಊದಿ ಮೈಯೆಲ್ಲ ದದ್ದೆದ್ದು ಸೂಜಿ ಚುಚ್ಚಬೇಕಾಯಿತು. ಅವನಿಗೆ ಮೊಟ್ಟೆ ಬೇಡವೇ ಬೇಡ ಎಂದು ಕೈಯಲ್ಲೇ ಬರೆದು, ಮತ್ತೆ ಯಾವಾಗ ಪರೀಕ್ಷಿಸುವುದೆಂದು ತಿಂಗಳನ್ನೂ ಬರೆದೆ. ಉಳಿದವರಲ್ಲಿ ಹೆಚ್ಚಿನವರು ಮೊಟ್ಟೆ ತಿಂದು ಇನ್ನೊಂದು ಕೇಳಿದರು.

ನಗು ಬಂದದ್ದೂ ಉಂಟು. ಗಂಜಾಮಿನಲ್ಲಿ ಭಾಯ್ ಮನೆಯ ಬೀದಿಯಲ್ಲೇ ಕೆಂಪು ಚುಕ್ಕೆಯ ಒಂದು ಮಗು ಇತ್ತು. ನಾವು ಹೋದಾಗ ಆ ಹುಡುಗ ಚಡ್ಡಿಯೂ ಇಲ್ಲದೆ ಬೀದಿಯಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದ. ಅವನ ದಾದಿ, ಅಂದರೆ ಅಪ್ಪನ ತಾಯಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಮಾಫ್ ಮಾಡಿ ಡಾಕ್ಟ್ರಮ್ಮ, ನೀವು ಏಳಿದ್ದು ಒಂದೂ ಮಾಡ್ಲಿಲ್ಲ" ಎಂದರು. "ಲೋಬಾನದ ಹೊಗೆ ಒಂದು ಬುಟ್ಟೆ. ಮಿಕ್ಕಿದ್ದೆಲ್ಲ ಬುಟ್ರೆ ಮಗು ಏನ್ ಗಾಳಿ ಕುಡ್ದು ಬದುಕ್ತದಾ ಅಂತ ಚೀಟಿ ಒಲೆಗೆ ಹಾಕ್ದೆ." ಅವರ ಕೈ ಹಿಡಿದುಕೊಂಡು ಕುಲುಕಿದೆ. ಡಾಕ್ಟರಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಆದರೆ ನನ್ನ ಮನಸ್ಸೆಲ್ಲ ಇದ್ದದ್ದು ಆ ಮೊದಲನೇ ಮಗುವಿನಲ್ಲಿ. ಅಪ್ಪ ತಿಂಗಳಿಗೊಮ್ಮೆ ತಪ್ಪದೆ ತರುತ್ತಿದ್ದ. ಎರಡನೇ ತಿಂಗಳ ಎಕ್ಸ್‌ರೇಯಲ್ಲಿ ಮೂಳೆಯ ಅಂಚಿಗೆ ಬಿಳಿ ಗೆರೆ ಮೂಡಿತ್ತು, ವಾಸಿಯಾಗುವ ಗುರುತು. ಗೋಡೆ ಹಿಡಿದು ನಿಲ್ಲುತ್ತಾಳೆ, ಒಳಗೆ ಮಂಚದಿಂದ ಕಂಬಕ್ಕೆ ಹಿಡಿಯದೆ ನಾಲ್ಕು ಹೆಜ್ಜೆ ಹಾಕುತ್ತಾಳೆ ಎಂದ. ನಾನು ಹಿಗ್ಗಿದೆ. ಅವನು ಹಿಗ್ಗಲಿಲ್ಲ.

"ಆದ್ರೆ ಬಾಕ್ಲು ಹತ್ರ ಬಂದ್ರೆ ಕುಂತ್ಬುಡ್ತಾಳೆ ಮೇಡಂ. ಈಚೆಗೆ ಕಾಲಿಡಾಕಿಲ್ಲ. ಎತ್ಕೊಂಡೋದ್ರೆ ಉಸ್ರು ಕಟ್ಟಿ ನೀಲಿಯಾಗೋವರ್ಗೂ ಅಳ್ತಾಳೆ. ಅವ್ವ ಎದರ್ಕೊಂಡು ಒಳಕ್ ತಂದ್ಬುಡ್ತಾಳೆ. ಇಲ್ಲಿಗ್ ಬರಾಕೂ ಮುಖ ಮುಚ್ಚಬೇಕು."

ಇದಕ್ಕೆ ಹನಿ ಇಲ್ಲ. ಪಾಂಡವಪುರದಲ್ಲಿ ಕೂರುವ ದಿನ ಬೆಳಿಗ್ಗೆಯೇ ಹೊರಟು ಅವರ ಮನೆಗೆ ಹೋದೆ. ಅಂದು ಆ ಕಡೆ ಇನ್ನೂ ನಾಲ್ಕು ಮನೆ ನೋಡುವುದಿತ್ತು.

ಕಿಟಕಿಯ ಟಾರ್ಪಲ್ಲು ಕಿತ್ತಿದ್ದರು, ಮೊಳೆಗಳು ಹಾಗೇ ಇದ್ದವು. ಅಜ್ಜಿಯ ಮುಂದೆ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಶುರು ಮಾಡುವಷ್ಟರಲ್ಲಿ ಅವರೇ ಕೈ ಮುಗಿದರು.

"ನನ್ ಆರ್ ಮಕ್ಳನ್ನೂ ಹರಳೆಣ್ಣೆ ಹಚ್ಚಿ ಬಿಸ್ಲಲ್ಲೇ ಮಲಗ್ಸಿ ಸಾಕ್ದೆ ಕಣವ್ವ. ಇದೊಂದ್ ಕೂಸಿಗೆ ಮಾತ್ರ ಬುಟ್ಬುಟ್ಟೆ. ಇಂಗಾಗ್ಬಾರ್ದಲ್ಲ ಅಂತ ಮನ್ಸಿಗೆ ಅನ್ಸೋದು. ಓದ್ದೋರು ಏಳವ್ರೆ, ನಂಗೇನ್ ಗೊತ್ತು ಅಂತ ಸುಮ್ಕಾಗ್ಬುಟ್ಟೆ. ಸುಮ್ಕಾಗಿದ್ದು ನಂದೇ ತಪ್ಪು. ನೀವು ಮನ್ಸಲ್ಲಿ ಮಡೀಕಬ್ಯಾಡಿ."

ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ಕ್ಷಮೆ ಕೇಳಲು ಹೋದವಳು ಕ್ಷಮೆ ಕೇಳಿಸಿಕೊಂಡು ಕೂತಿದ್ದೆ. ನನಗೆ ಅಳು ಬಂತು. ಮುದುಕಿಯ ಮುಂದೆಯೇ ಅತ್ತೆ.

ಮಗು ಬಾಗಿಲ ಮರೆಯಿಂದ ಇದನ್ನೆಲ್ಲ ನೋಡುತ್ತಿತ್ತು. ಅಂಬೆಗಾಲಿಡುವ ದಿನದಿಂದ ಅವಳು ಬಾಗಿಲತ್ತ ಹೊರಟಾಗಲೆಲ್ಲ ಮನೆಯವರು ಒಟ್ಟಾಗಿ "ಬ್ಯಾಡ! ಬಿಸ್ಲು!" ಎಂದು ಕೂಗುತ್ತಿದ್ದರಂತೆ. ಅವಳು ಕಲಿತ ಮೊದಲ ಮಾತುಗಳೇ ಅವು. ಅಪ್ಪ ಅಂಗಳದಲ್ಲಿ ಕರುವನ್ನು ಕಟ್ಟಿ ಕರೆದು ನೋಡಿದ್ದ. ಬಣ್ಣದ ಚೆಂಡು ಉರುಳಿಸಿ ನೋಡಿದ್ದ. ನಾನು ನನ್ನ ಗುಣಕ್ಕೆ ತಕ್ಕಂತೆ ನೇರ ಹೋಗಿ ಎತ್ತಿಕೊಂಡು ಹೊರಗೆ ಕಾಲಿಟ್ಟೆ. ಅವಳು ನನ್ನ ಕತ್ತು ಪರಚಿ, ಬೆನ್ನು ಬಿಲ್ಲಾಗಿಸಿ ಕಿರುಚಿದಳು. ತುಟಿ ಕಪ್ಪಾಗುವುದನ್ನು ಕಂಡು ನನಗೇ ಜೀವ ಬಾಯಿಗೆ ಬಂತು. ತಂದು ಒಳಗೆ ಬಿಟ್ಟೆ.

ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಅಂಗಳದ ನಡುವಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತೆ. ಉಪಾಯವೆಂದು ಕೂತದ್ದಲ್ಲ, ಸೋತು ಕೂತದ್ದು. ಹತ್ತೂವರೆಯ ಬಿಸಿಲು ನೆತ್ತಿ ಸುಡುತ್ತಿತ್ತು. ಬ್ಯಾಗಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಕಾರಿನ ಹತ್ತಿರ ನಿಂತಿದ್ದ ಭಾಯ್ ಎರಡು ಸಲ ಕೈಗಡಿಯಾರ ತೋರಿಸಿದರು. ಏಳಬೇಕು ಅಂದುಕೊಂಡೆ, ಆಗಲಿಲ್ಲ.

"ಬ್ಯಾಡ" ಎಂದಿತು ಬಾಗಿಲಲ್ಲಿ ಒಂದು ಸಣ್ಣ ದನಿ.

ಮತ್ತೆ ಎತ್ತಿಕೊಳ್ಳುತ್ತೇನೆಂದು ಹೆದರಿರಬೇಕು ಅಂದುಕೊಂಡು, "ಇಲ್ಲ ಪುಟ್ಟಿ, ಬರಲ್ಲ ನಾನು" ಎಂದೆ.

"ಬ್ಯಾಡ! ಬಿಸ್ಲು!" ಈ ಸಲ ಜೋರಾಗಿ, ಗದರುವ ಹಾಗೆ. ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದಳು. ನೆಲ ಸುಟ್ಟಿತೇನೋ, ಎತ್ತಿಕೊಂಡಳು. ಮತ್ತೆ ಇಳಿಸಿದಳು. ಇನ್ನೊಂದು ಕಾಲು ಬಂತು. ಅಜ್ಜಿ ಹಿಡಿಯಲು ಮುಂದೆ ಬಂದರು, ಬೇಡವೆಂದು ಕೈಸನ್ನೆ ಮಾಡಿದೆ. ಗೋಡೆ ಹಿಡಿದು ಮೂಲೆಯವರೆಗೆ ಬಂದಳು. ಅಲ್ಲಿಗೆ ಗೋಡೆ ಮುಗಿಯಿತು. ಕಲ್ಲಿಗೂ ಗೋಡೆಗೂ ನಡುವೆ ಹಿಡಿಯಲು ಏನೂ ಇರಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು, ಬಿಲ್ಲಿನಂಥ ಕಾಲುಗಳನ್ನು ಅಗಲಿಸಿ, ಎರಡೂ ಕೈ ಚಾಚಿ, ವಾಲುತ್ತಾ ವಾಲುತ್ತಾ ಏಳೆಂಟು ಹೆಜ್ಜೆ ನಡೆದು ಬಂದಳು. ಬಂದವಳೇ ನನ್ನ ಬೆರಳು ಹಿಡಿದು ಮನೆಯ ಕಡೆಗೆ ಜಗ್ಗಿದಳು.

"ಒಳ್ಕ ಬಾ. ಬಿಸ್ಲು. ಬ್ಯಾಡ."

ನನ್ನನ್ನು ಕಾಪಾಡಲು ಬಂದಿದ್ದಳು. ಹುಟ್ಟಿ ಬುದ್ಧಿ ಬಂದಾಗಿನಿಂದ ಹೆದರಿಕೊಂಡು ಬಂದ ಬಿಸಿಲಿಗೆ ನಾನು ಹೇಳಿಕೊಟ್ಟ ಮಾತನ್ನೇ ನನಗೆ ಹೇಳುತ್ತಾ ಇಳಿದುಬಂದಿದ್ದಳು. ಅವಳ ನೆತ್ತಿಯ ಮೇಲೆ, ಬರಿಯ ತೋಳುಗಳ ಮೇಲೆ ಬಿಸಿಲು ಬಿದ್ದಿತ್ತು, ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಎರಡೂ ಕೈಯಲ್ಲಿ ನನ್ನ ಬೆರಳು ಹಿಡಿದು, ಹಿಮ್ಮಡಿ ಊರಿ, ಇದ್ದಬದ್ದ ಬಲವೆಲ್ಲ ಹಾಕಿ ಎಳೆಯುತ್ತಿದ್ದಳು. ಇನ್ನಷ್ಟು ಹೊತ್ತು ಎಳೆಯಲಿ ಎಂದು ನಾನು ಭಾರ ಬಿಟ್ಟು ಅಲ್ಲೇ ಕೂತೆ.